ಆರನ್ನೂ ಕೇಳಿದರೇ ಬಾರ್ಟೋಕ್: 1949ರ ನ್ಯೂಯಾರ್ಕ್‌ನ ಎರಡು ಸಂಜೆಗಳ ಕಥೆ

ಇದು ಕಳೆದ ವಿಡಿಯೋದ ಬರಹರೂಪ. ಮಾತಾಡುವಾಗ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ, ನಾನು ತಡವರಿಸಿದ್ದನ್ನು ತೆಗೆದಿದ್ದೇನೆ. ಉಳಿದದ್ದು ಹಾಗೇ ಇದೆ.

ಮೊದಲು ನನ್ನದೇ ಒಂದು ಪೆದ್ದುತನ ಹೇಳಿಬಿಡ್ತೀನಿ. ನಾನು ಪುಣೆಯಲ್ಲಿರೋನು ಅಂತ ನಿಮಗೆ ಗೊತ್ತು. ಹಿಂಜವಡಿಯಿಂದ ಕೋಥ್ರೂಡ್‌ಗೆ ಬಸ್ಸಲ್ಲಿ ಬರೋದು ಅಂದ್ರೆ ಮಳೆಗಾಲದಲ್ಲಿ ಒಂದೂವರೆ ಗಂಟೆ. ಆ ಹೊತ್ತಲ್ಲಿ ಏನಾದರೂ ಹೊಸದು ಕೇಳೋಣ ಅಂತ ಫೋನಲ್ಲಿ ಬೇಲಾ ಬಾರ್ಟೋಕ್ ಅನ್ನೋ ಹಂಗೇರಿಯ ಸಂಗೀತಗಾರನ ಸ್ಟ್ರಿಂಗ್ ಕ್ವಾರ್ಟೆಟ್‌ಗಳನ್ನು ಹಾಕಿದೆ. ಶಫಲ್ ಆನ್ ಇತ್ತು, ನಾನು ನೋಡಲಿಲ್ಲ. ಮೊದಲು ಬಂದದ್ದು ನಾಲ್ಕನೇ ಕ್ವಾರ್ಟೆಟ್‌ನ ಕೊನೆಯ ಭಾಗ. ನಾಲ್ಕು ಜನ ಸೇರಿ ಕಬ್ಬಿಣದ ಕಪಾಟನ್ನು ಮೆಟ್ಟಿಲ ಮೇಲೆ ಎಳೆದುಕೊಂಡು ಹೋಗ್ತಿದ್ದಾರೆ ಅನ್ನಿಸಿತು. ಮುಂದಿನದು ಆರನೇ ಕ್ವಾರ್ಟೆಟ್‌ನ ಕೊನೆ. ಅದು ಎಷ್ಟು ಮೆಲ್ಲಗೆ, ಎಷ್ಟು ದುಃಖದಿಂದ ಇತ್ತು ಅಂದ್ರೆ, ಆ್ಯಪ್ ಬೇರೆ ಯಾರದೋ ಸಂಗೀತ ಹಾಕಿದೆ ಅಂದುಕೊಂಡು ಆಫ್ ಮಾಡಿದೆ.

ಎಷ್ಟೋ ತಿಂಗಳಾದ ಮೇಲೆ ಇದು ನನ್ನ ತಪ್ಪು ಅಂತ ಹೊಳೀತು. ಸೋಮವಾರದಿಂದ ಶನಿವಾರ, ದಿನಕ್ಕೊಂದರಂತೆ, ಒಂದರಿಂದ ಆರರವರೆಗೆ ಕ್ರಮವಾಗಿ ಕೇಳಿದೆ. ಶನಿವಾರ ಮುಗಿಸಿದಾಗ ಒಬ್ಬ ಮನುಷ್ಯನ ಜೊತೆ ಮೂವತ್ತು ವರ್ಷ ಕಳೆದ ಹಾಗಿತ್ತು. ಹಾಗಾದ್ರೆ ಈ ಆರನ್ನೂ ಒಟ್ಟಿಗೆ ವೇದಿಕೆ ಮೇಲೆ ನುಡಿಸಬೇಕು ಅಂತ ಯಾರಿಗೆ, ಯಾವಾಗ ಅನ್ನಿಸಿತು? ಅದನ್ನು ಹುಡುಕಿಕೊಂಡು ಹೋದಾಗ ಸಿಕ್ಕಿದ ಕಥೆ ಇವತ್ತಿನ ವಿಷಯ.

ನಾಲ್ಕು ಜನ, ಹದಿನಾರು ತಂತಿ

ಗೊತ್ತಿಲ್ಲದವರಿಗೆ ಒಂದು ನಿಮಿಷದ ಪೀಠಿಕೆ. ಸ್ಟ್ರಿಂಗ್ ಕ್ವಾರ್ಟೆಟ್ ಅಂದ್ರೆ ಎರಡು ಪಿಟೀಲು, ಅದಕ್ಕಿಂತ ಸ್ವಲ್ಪ ದೊಡ್ಡದಾದ, ತಗ್ಗು ದನಿಯ ಒಂದು ವಿಯೋಲಾ, ಕಾಲುಗಳ ನಡುವೆ ಇಟ್ಟು ನುಡಿಸುವ ಒಂದು ಚೆಲ್ಲೋ. ನಾಲ್ಕು ವಾದ್ಯ, ಒಂದೊಂದಕ್ಕೆ ನಾಲ್ಕು ತಂತಿ. ಮುಂದೆ ನಿಂತು ಕೈ ಬೀಸುವ ಕಂಡಕ್ಟರ್ ಇಲ್ಲ. ಯಾರೊಬ್ಬರು ಅರ್ಧ ಸೆಕೆಂಡ್ ತಪ್ಪಿದರೂ ಮರೆಯಾಗಲು ಜಾಗ ಇಲ್ಲ. ಹಾಗಾಗಿ ಯುರೋಪಿನ ಸಂಗೀತಗಾರರು ತಮ್ಮ ಅತ್ಯಂತ ಖಾಸಗಿ ಮಾತುಗಳನ್ನು ಇದಕ್ಕೇ ಮೀಸಲಿಟ್ಟರು. ಸಿಂಫನಿ ಅನ್ನೋದು ಮೈದಾನದ ಭಾಷಣ ಆದ್ರೆ, ಕ್ವಾರ್ಟೆಟ್ ಊಟ ಆದ ಮೇಲೆ ಜಗಲಿ ಮೇಲೆ ಕೂತು ಆಡುವ ಮಾತು.

ಬಾರ್ಟೋಕ್ ಹುಟ್ಟಿದ್ದು 1881ರಲ್ಲಿ. ಅವನು ಹುಟ್ಟಿದ ಊರು ಆಗ ಹಂಗೇರಿಯಲ್ಲಿತ್ತು, ಈಗ ರೊಮೇನಿಯಾದಲ್ಲಿದೆ. ಊರು ಕದಲಲಿಲ್ಲ, ಗಡಿ ಕದಲಿತು. ಏಳು ವರ್ಷದವನಿದ್ದಾಗ ತಂದೆ ತೀರಿಕೊಂಡರು. ತಾಯಿ ಪೌಲಾ ಮೇಷ್ಟ್ರ ಕೆಲಸ ಮಾಡಿ, ಊರಿಂದೂರಿಗೆ ಹೋಗುತ್ತಾ ಮಗನನ್ನು ಬೆಳೆಸಿದರು. 1904ರಲ್ಲಿ ಟ್ರಾನ್ಸಿಲ್ವೇನಿಯಾ ಕಡೆಯ ಒಬ್ಬ ಮನೆಕೆಲಸದ ಹುಡುಗಿ ಹಾಡಿಕೊಳ್ಳುತ್ತಿದ್ದ ಹಾಡು ಅವನ ಕಿವಿಗೆ ಬಿತ್ತು. ತಾನು ಓದಿದ ಕಾಲೇಜಿನಲ್ಲಿ ಯಾರೂ ಹೇಳಿಕೊಡದ ಸಂಗೀತವೊಂದು ತನ್ನ ದೇಶದಲ್ಲೇ ಇದೆ ಅಂತ ಅವನಿಗೆ ಗೊತ್ತಾದದ್ದು ಆಗ. ಆಮೇಲೆ ಗೆಳೆಯ ಜೋಲ್ತಾನ್ ಕೊದಾಯ್ ಜೊತೆ ಎಡಿಸನ್ ಫೋನೋಗ್ರಾಫ್ ಹೊತ್ತುಕೊಂಡು ಹಳ್ಳಿ ಹಳ್ಳಿ ಸುತ್ತಿದ. ಹಂಗೇರಿಯನ್, ಸ್ಲೋವಾಕ್, ರೊಮೇನಿಯನ್ ಹಾಡುಗಳನ್ನು ಮೇಣದ ಸಿಲಿಂಡರ್‌ಗಳ ಮೇಲೆ ಹಿಡಿದಿಟ್ಟ. 1913ರಲ್ಲಿ ಆಲ್ಜೀರಿಯಾದ ಬಿಸ್ಕ್ರಾದವರೆಗೂ ಹೋದ.

ಮೂವತ್ತು ವರ್ಷ, ಆರು ನಿಲ್ದಾಣ

ಮೊದಲ ಕ್ವಾರ್ಟೆಟ್ ಬರೆದದ್ದು 1908–09ರಲ್ಲಿ. ಸ್ಟೆಫಿ ಗೆಯರ್ ಅನ್ನೋ ಪಿಟೀಲು ವಾದಕಿಯನ್ನು ಪ್ರೀತಿಸಿ, ಆ ಪ್ರೀತಿ ಮುರಿದುಬಿದ್ದ ಸಮಯ. ಎರಡು ಪಿಟೀಲು ಒಂದಕ್ಕೊಂದು ತಲೆ ಆನಿಸಿಕೊಂಡು ಅಳುವ ಹಾಗೆ ಶುರುವಾಗುತ್ತೆ. ಇದನ್ನು ನುಡಿಸಲು ಬುಡಾಪೆಸ್ಟ್‌ನ ನಾಲ್ವರು ಹುಡುಗರು ಮುಂದೆ ಬಂದರು. ಇಮ್ರೆ ವಾಲ್ಡ್‌ಬವರ್ ಪಿಟೀಲು, ಯೆನೋ ಕೆರ್ಪೆಯ್ ಚೆಲ್ಲೋ. ಇವರಿಬ್ಬರ ಹೆಸರಲ್ಲೇ ತಂಡ. 1910ರ ಮಾರ್ಚ್ 19ರಂದು ಮೊದಲ ಪ್ರದರ್ಶನ. ಎರಡನೇ ಕ್ವಾರ್ಟೆಟ್ 1915ರಿಂದ 1917ರವರೆಗೆ, ಮೊದಲ ಮಹಾಯುದ್ಧದ ನಡುವೆ ಬರೆದದ್ದು. ನಡುವಿನ ಭಾಗದಲ್ಲಿ ಬಿಸ್ಕ್ರಾದಲ್ಲಿ ಕೇಳಿದ ಡೋಲಿನ ಗತ್ತು ಕೇಳಿಸುತ್ತೆ. ಕೊನೆಯ ಭಾಗದಲ್ಲಿ ಎಲ್ಲ ಖಾಲಿಯಾದ ಮೌನ. ಅದನ್ನೂ 1918ರಲ್ಲಿ ಇದೇ ತಂಡ ಮೊದಲು ನುಡಿಸಿತು.

ಮೂರನೆಯದಕ್ಕೆ ಹತ್ತು ವರ್ಷದ ಅಂತರ. 1927ರಲ್ಲಿ ಬರೆದು ಅಮೆರಿಕದ ಫಿಲಡೆಲ್ಫಿಯಾದ ಒಂದು ಸ್ಪರ್ಧೆಗೆ ಕಳಿಸಿದ, ಇಟಲಿಯ ಕಸೆಲ್ಲಾ ಜೊತೆ ಬಹುಮಾನ ಹಂಚಿಕೊಂಡ. ಕೇವಲ ಹದಿನೈದು ನಿಮಿಷ, ನಡುವೆ ನಿಲುಗಡೆ ಇಲ್ಲ. ಹಿಂಡಿ ಹಿಂಡಿ ಒಂದು ಲೋಟಕ್ಕೆ ಇಳಿಸಿದ ಕಷಾಯದ ಹಾಗೆ. ಮರುವರ್ಷವೇ ನಾಲ್ಕನೆಯದು. ಐದು ಭಾಗಗಳ ಕಮಾನು: ಒಂದು ಮತ್ತು ಐದು ಜೋಡಿ, ಎರಡು ಮತ್ತು ನಾಲ್ಕು ಜೋಡಿ, ನಡುವೆ ರಾತ್ರಿಯ ಹುಳುಗಳ ಸದ್ದಿನ ನಡುವೆ ಒಂಟಿ ಚೆಲ್ಲೋ. ನಾಲ್ಕನೇ ಭಾಗದಲ್ಲಿ ಬಿಲ್ಲನ್ನು ಯಾರೂ ಮುಟ್ಟೋದೇ ಇಲ್ಲ, ಬರೀ ಬೆರಳಲ್ಲಿ ಮೀಟು. ಕೆಲವು ಕಡೆ ತಂತಿಯನ್ನು ಎಷ್ಟು ಜೋರಾಗಿ ಎಳೆದು ಬಿಡಬೇಕು ಅಂದ್ರೆ ಅದು ಕೆಳಗಿನ ಮರದ ಪಟ್ಟಿಗೆ ಚಟ್ ಅಂತ ಹೊಡೀಬೇಕು. ಇದಕ್ಕೆ ಇವತ್ತಿಗೂ ಸಂಗೀತಗಾರರ ಭಾಷೆಯಲ್ಲಿ ಬಾರ್ಟೋಕ್ ಪಿತ್ಸಿಕಾಟೋ ಅಂತಲೇ ಹೆಸರು. ಬಸ್ಸಲ್ಲಿ ನನ್ನನ್ನು ಹೆದರಿಸಿದ್ದು ಈ ನಾಲ್ಕನೆಯದೇ.

ಐದನೆಯದನ್ನು 1934ರಲ್ಲಿ, ಒಂದು ತಿಂಗಳಲ್ಲಿ ಬರೆದ. ಬರೆಸಿದವರು ಅಮೆರಿಕದ ಸಂಗೀತ ಪೋಷಕಿ ಎಲಿಜಬೆತ್ ಸ್ಪ್ರೇಗ್ ಕೂಲಿಜ್. ಇದೂ ಐದು ಭಾಗಗಳ ಕಮಾನು. ನಡುವಿನ ಭಾಗಕ್ಕೆ ಬಲ್ಗೇರಿಯಾದ ಹಳ್ಳಿ ಕುಣಿತದ ಲಯ. ಒಂಬತ್ತು ಮಾತ್ರೆ, ಅದನ್ನು ನಾಲ್ಕು, ಎರಡು, ಮೂರು ಅಂತ ಒಡೆದಿದ್ದಾನೆ. ಅಂದ್ರೆ ‘ತಕದಿಮಿ ತಕ ತಕಿಟ’. ನಮ್ಮ ಮೃದಂಗದವರ ಸಂಕೀರ್ಣ ನಡೆ ಗೊತ್ತಿದ್ದವರು ಮೊದಲ ಸಲಕ್ಕೇ ತೊಡೆ ತಟ್ಟಬಹುದು. ಬಲ್ಗೇರಿಯಾಕ್ಕೂ ನಮಗೂ ನೆಂಟಸ್ತಿಕೆ ಇದೆ ಅಂತ ಹೇಳ್ತಿಲ್ಲ. ಆದರೆ ಯುರೋಪಿನ ವಾದಕರು ಬೆವರುವ ಜಾಗದಲ್ಲಿ ನಮ್ಮ ಕಿವಿಗೆ ಒಂದು ಸಣ್ಣ ಅನುಕೂಲ ಇದೆ ಅಷ್ಟೆ. ಇನ್ನೊಂದು ತಮಾಷೆ: ಕೊನೆಯ ಭಾಗ ಬೆಂಕಿಯ ಹಾಗೆ ಓಡ್ತಾ ಇರುವಾಗ ಇದ್ದಕ್ಕಿದ್ದ ಹಾಗೆ ಎಲ್ಲ ನಿಂತು, ಬೀದಿ ವಾದ್ಯದ ಪೆಟ್ಟಿಗೆಯಿಂದ ಬಂದಂಥ ಒಂದು ಪೇಲವ ರಾಗ ಬರುತ್ತೆ. ‘ಉದಾಸೀನದಿಂದ ನುಡಿಸಿ’ ಅನ್ನೋದು ಬಾರ್ಟೋಕ್‌ನ ಸೂಚನೆ. ಪಕ್ಕವಾದ್ಯ ಒಂದು ಶ್ರುತಿಯಲ್ಲಿ, ರಾಗ ಅರ್ಧ ಮೆಟ್ಟಿಲು ಜಾರಿ ಇನ್ನೊಂದರಲ್ಲಿ. ನಗಬೇಕೋ ಹೆದರಬೇಕೋ ತಿಳಿಯಲ್ಲ. 1935ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಕೋಲಿಷ್ ಕ್ವಾರ್ಟೆಟ್ ಇದನ್ನು ಮೊದಲು ನುಡಿಸಿತು.

ಆರನೆಯದು 1939. ಆಗಸ್ಟ್‌ನಲ್ಲಿ ಸ್ವಿಟ್ಜರ್ಲೆಂಡಿನ ಜಾನೆನ್ ಅನ್ನೋ ಬೆಟ್ಟದೂರಿನಲ್ಲಿ, ಗೆಳೆಯ ಪೌಲ್ ಜಾಖರ್ ಕೊಟ್ಟ ಮನೆಯಲ್ಲಿ ಕೂತು ಶುರುಮಾಡಿದ. ಸೆಪ್ಟೆಂಬರ್ 1ಕ್ಕೆ ಎರಡನೇ ಮಹಾಯುದ್ಧ. ಬುಡಾಪೆಸ್ಟ್‌ಗೆ ಓಡಿಬಂದು ನವೆಂಬರ್‌ನಲ್ಲಿ ಮುಗಿಸಿದ. ಡಿಸೆಂಬರ್‌ನಲ್ಲಿ ತಾಯಿ ತೀರಿಕೊಂಡರು.

ಈ ಆರನೆಯದರ ಕಟ್ಟಡ ಸ್ವಲ್ಪ ನೋಡಿ. ನಾಲ್ಕು ಭಾಗಗಳೂ ಒಂದೇ ದುಃಖದ ರಾಗದಿಂದ ಶುರುವಾಗುತ್ತವೆ. ಮೊದಲ ಸಲ ವಿಯೋಲಾ ಒಂದೇ. ಎರಡನೇ ಸಲ ಅದಕ್ಕೆ ಇನ್ನೊಂದು ಎಳೆ ಸೇರುತ್ತೆ. ಮೂರನೇ ಸಲ ಮೂರು ಎಳೆ. ನಾಲ್ಕನೇ ಸಲ ನಾಲ್ಕೂ ವಾದ್ಯ, ಮತ್ತು ಆಗ ಅದು ಬರೀ ಮುನ್ನುಡಿ ಅಲ್ಲ, ಇಡೀ ಭಾಗವೇ ಅದು. ಕೊನೆಗೆ ಜಾನಪದ ಕುಣಿತದ ಹಾಗೆ ವೇಗದ ಒಂದು ಮುಕ್ತಾಯ ಕೊಡಬೇಕು ಅಂತ ಅವನು ಯೋಚಿಸಿದ್ದ, ಬರೆಯಲು ಶುರುವೂ ಮಾಡಿದ್ದ. ಆಮೇಲೆ ಕೈಬಿಟ್ಟ. ದುಃಖ ಮುನ್ನುಡಿಯಾಗಿ ಬಂದು ಬಂದು ಕೊನೆಗೆ ಮನೆಯನ್ನೇ ಆಕ್ರಮಿಸಿತು.

ಗಂಟುಮೂಟೆ

1940ರ ಅಕ್ಟೋಬರ್‌ನಲ್ಲಿ ಬಾರ್ಟೋಕ್ ಮತ್ತು ಹೆಂಡತಿ ದಿತ್ತಾ ಬುಡಾಪೆಸ್ಟ್ ಬಿಟ್ಟರು. ಅವನು ಯಹೂದಿ ಅಲ್ಲ. ಬೇಕಿದ್ದರೆ ಸುಮ್ಮನೆ ಇದ್ದುಬಿಡಬಹುದಿತ್ತು. ಆದರೆ ನಾಜಿಗಳ ಜೊತೆ ಕೈಜೋಡಿಸ್ತಿರೋ ದೇಶದಲ್ಲಿ ಇರಲು ಅವನಿಗೆ ಆಗಲಿಲ್ಲ. ಹೊರಡುವ ಮುಂಚೆ ಬರೆದ ಉಯಿಲಿನಲ್ಲಿ ಒಂದು ಷರತ್ತು ಇದೆ: ಬುಡಾಪೆಸ್ಟ್‌ನಲ್ಲಿ ಹಿಟ್ಲರ್, ಮುಸೊಲಿನಿ ಹೆಸರಿನ ಚೌಕಗಳು ಇರುವವರೆಗೆ ಹಂಗೇರಿಯ ಯಾವ ಬೀದಿಗೂ ತನ್ನ ಹೆಸರು ಇಡಬಾರದು.

ನ್ಯೂಯಾರ್ಕ್‌ನಲ್ಲಿ ಅವನ ಕೆಲಸ ಏನು ಗೊತ್ತಾ? ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಮಿಲ್ಮನ್ ಪ್ಯಾರಿ ಅನ್ನೋ ವಿದ್ವಾಂಸ ಸಂಗ್ರಹಿಸಿದ್ದ ಯುಗೊಸ್ಲಾವಿಯಾದ ಹಾಡುಗಳ ಧ್ವನಿಮುದ್ರಿಕೆ ಕೇಳಿ ಕೇಳಿ ಸ್ವರ ಬರೆದಿಡೋದು. ಅದೂ ಅಷ್ಟಿಷ್ಟು ಕಾಲದ ಕಾಂಟ್ರ್ಯಾಕ್ಟ್. 1942ರ ಕೊನೆಗೆ ಅದೂ ಮುಗೀತು. ಆರೋಗ್ಯ ಕೆಟ್ಟಿತು, ರಕ್ತದ ಕ್ಯಾನ್ಸರ್. ಆಸ್ಪತ್ರೆಯ ಖರ್ಚನ್ನು ಅಮೆರಿಕದ ಸಂಗೀತ ರಚನಕಾರರ ಸಂಘ ಕೊಟ್ಟಿತು, ಅವನು ಅದರ ಸದಸ್ಯನೂ ಅಲ್ಲದಿದ್ದರೂ. ಆ ಹೊತ್ತಲ್ಲೇ ಬಂದ ಒಂದು ಆಹ್ವಾನದಿಂದ ‘ಕನ್ಸರ್ಟೋ ಫಾರ್ ಆರ್ಕೆಸ್ಟ್ರಾ’ ಬರೆದ. 1944ರ ಡಿಸೆಂಬರ್‌ನಲ್ಲಿ ಬಾಸ್ಟನ್‌ನಲ್ಲಿ ಅದು ಗೆದ್ದಿತು. ಆದರೆ ಕಾಲ ಮುಗಿದಿತ್ತು. 1945ರ ಸೆಪ್ಟೆಂಬರ್ 26ಕ್ಕೆ, 64ನೇ ವಯಸ್ಸಿಗೆ, ನ್ಯೂಯಾರ್ಕ್‌ನಲ್ಲೇ ತೀರಿಕೊಂಡ. ಮೂರನೇ ಪಿಯಾನೋ ಕನ್ಸರ್ಟೋದ ಕೊನೆಯ 17 ಬಾರ್‌ಗಳಿಗೆ ವಾದ್ಯ ಹಂಚುವ ಕೆಲಸ ಬಾಕಿ ಉಳಿದಿತ್ತು. ಗೆಳೆಯ ಟಿಬೋರ್ ಶೆರ್ಲಿ ಅದನ್ನು ಮುಗಿಸಿದ.

ನಾವು ಯುದ್ಧಕ್ಕೆ ಹೆದರಿ ಬಂದವರಲ್ಲ, ಸಂಬಳಕ್ಕೆ ಬಂದವರು. ಹಾಗಾಗಿ ‘ನಾವೂ ಬಾರ್ಟೋಕ್ ಥರ’ ಅಂತ ಹೇಳೋದು ನಾಚಿಕೆಗೇಡು. ಆದರೆ ಹೊರಗಿನಿಂದ ಬಂದವನ ಅರ್ಧ ಮಾತ್ರ ಜನಕ್ಕೆ ಕಾಣುತ್ತೆ ಅನ್ನೋ ಒಂದು ವಿಷಯ ನಮಗೆಲ್ಲ ಗೊತ್ತಿದೆ. ಅವನ ವಿಷಯದಲ್ಲಿ ಅದು ಸತ್ತ ಮೇಲೆ ಇನ್ನೂ ಜೋರಾಯ್ತು.

ಅರ್ಧ ಬಾರ್ಟೋಕ್ ಬೇಕಾದವರು

ಯುದ್ಧ ಮುಗಿದು ಯುರೋಪು ಎರಡಾಗಿ ಸೀಳುತ್ತಿದ್ದ ಕಾಲ. 1947ರಲ್ಲಿ ಪ್ಯಾರಿಸ್‌ನಲ್ಲಿ ಸಾರ್ತ್ರ್ ನಡೆಸುತ್ತಿದ್ದ ಪತ್ರಿಕೆಯಲ್ಲಿ ರೆನೆ ಲೈಬೊವಿಟ್ಸ್ ಅನ್ನೋ ಸಂಗೀತಗಾರ ಒಂದು ಲೇಖನ ಬರೆದ. ಅವನು ಶೋನ್‌ಬರ್ಗ್‌ನ ಪಂಥದವನು. ಹಳೆಯ ಶ್ರುತಿ ವ್ಯವಸ್ಥೆಯನ್ನು ಪೂರ್ತಿ ಬಿಡಬೇಕು ಅನ್ನೋನು. ಅವನ ವಾದದ ಸಾರ ಇಷ್ಟು: ನಾಲ್ಕನೇ ಕ್ವಾರ್ಟೆಟ್ ಬಾರ್ಟೋಕ್‌ನ ಶಿಖರ. ಅಲ್ಲಿಂದ ಮುಂದೆ ಹೋಗುವ ಧೈರ್ಯ ಸಾಲದೆ ಅವನು ಕೆಳಗಿಳಿದ, ರಾಜಿ ಮಾಡಿಕೊಂಡ. ಅಂದ್ರೆ ಆರನೆಯದರ ಆ ದುಃಖ ಇವರ ಲೆಕ್ಕದಲ್ಲಿ ಸೋಲು.

ಅತ್ತ ಹಂಗೇರಿಯಲ್ಲಿ ಕಮ್ಯುನಿಸ್ಟ್ ಸರ್ಕಾರ ಗಟ್ಟಿಯಾಗ್ತಿತ್ತು. ಅವರಿಗೆ ಬಾರ್ಟೋಕ್ ಬೇಕಿತ್ತು, ಆದರೆ ಹಳ್ಳಿ ಹಾಡುಗಳ ಬಾರ್ಟೋಕ್. ಕಟುವಾದವನು ಬೇಡ. 1950ರ ಹೊತ್ತಿಗೆ ‘ಮಿರಾಕ್ಯುಲಸ್ ಮ್ಯಾಂಡರಿನ್’ನಂಥ ಕೃತಿಗಳ ಮೇಲೆ, ನಡುವಿನ ಕ್ವಾರ್ಟೆಟ್‌ಗಳ ಮೇಲೆ ‘ಫಾರ್ಮಲಿಸ್ಟ್’ ಅನ್ನೋ ಮುದ್ರೆ ಬಿತ್ತು. ಜನರಿಗೆ ಅರ್ಥವಾಗದ, ಪಶ್ಚಿಮದ ರೋಗ ಹತ್ತಿದ ಸಂಗೀತ ಅಂತ ಆ ಮುದ್ರೆಯ ಅರ್ಥ.

ಗಮನಿಸಿದ್ರಾ? ಪ್ಯಾರಿಸ್‌ನವನು ನಾಲ್ಕನೆಯದನ್ನು ಇಟ್ಟುಕೊಂಡು ಉಳಿದದ್ದನ್ನು ಎಸೆದ. ಬುಡಾಪೆಸ್ಟ್‌ನವರು ನಾಲ್ಕನೆಯದನ್ನೇ ಎಸೆದು ಉಳಿದದ್ದನ್ನು ಇಟ್ಟುಕೊಂಡರು. ಇಬ್ಬರೂ ಒಂದೇ ಕತ್ತರಿ ಹಿಡಿದಿದ್ದರು. ಕತ್ತರಿಸಿದ ತುಂಡು ಮಾತ್ರ ಬೇರೆ.

ಟೈಮ್ಸ್ ಹಾಲ್, 1949

ಈಗ ನ್ಯೂಯಾರ್ಕ್‌ಗೆ ಬನ್ನಿ. 1946ರಲ್ಲಿ ಜೂಲಿಯಾರ್ಡ್ ಸಂಗೀತ ಶಾಲೆಯ ಅಧ್ಯಕ್ಷ ವಿಲಿಯಂ ಷುಮನ್ ಶಾಲೆಗೇ ಒಂದು ಕ್ವಾರ್ಟೆಟ್ ಇರಲಿ ಅಂತ ಕಟ್ಟಿದ. ಹಳೆಯ ಕೃತಿಗಳನ್ನು ಹೊಸದರ ಹಾಗೆ, ಹೊಸದನ್ನು ಹಳೆಯದರಷ್ಟೇ ಗೌರವದಿಂದ ನುಡಿಸಬೇಕು ಅನ್ನೋದು ಅದರ ಹಿಂದಿನ ಆಸೆ. ರಾಬರ್ಟ್ ಮಾನ್, ರಾಬರ್ಟ್ ಕಾಫ್ ಪಿಟೀಲು. ರಾಫೆಲ್ ಹಿಲಿಯರ್ ವಿಯೋಲಾ. ಆರ್ಥರ್ ವಿನೊಗ್ರಾಡ್ ಚೆಲ್ಲೋ. ತಂಡದ ಮುಂದಾಳು ಮಾನ್‌ಗೆ 1949ರ ಆರಂಭದಲ್ಲಿ ಇಪ್ಪತ್ತೆಂಟು ವರ್ಷ. ತಂಡಕ್ಕೆ ಮೂರೇ ವರ್ಷ.

ಅವರು 1949ರ ಫೆಬ್ರವರಿಯಲ್ಲಿ ಒಂದು ಸಂಜೆ, ಮಾರ್ಚ್‌ನಲ್ಲಿ ಒಂದು ಸಂಜೆ, ಹೀಗೆ ಎರಡು ಕಛೇರಿಯಲ್ಲಿ ಆರೂ ಕ್ವಾರ್ಟೆಟ್ ನುಡಿಸಿದರು. ಅಮೆರಿಕದಲ್ಲಿ ಬಾರ್ಟೋಕ್‌ನ ಆರೂ ಒಟ್ಟಾಗಿ ಕೇಳಿಸಿದ್ದು ಅದೇ ಮೊದಲು. ಜಾಗ 44ನೇ ಬೀದಿಯ ಟೈಮ್ಸ್ ಹಾಲ್. ದೊಡ್ಡ ಸಭಾಂಗಣ ಏನಲ್ಲ. ಅದೇ ಕಟ್ಟಡ ಇವತ್ತು ಬ್ರಾಡ್‌ವೇಯ ಅತಿ ಚಿಕ್ಕ ಥಿಯೇಟರ್. ಬಾರ್ಟೋಕ್ ಕೊನೆಯ ದಿನಗಳಲ್ಲಿ ಬಾಡಿಗೆಗಿದ್ದ ಮನೆ 57ನೇ ಬೀದಿಯಲ್ಲಿ. ನಡೆದುಕೊಂಡು ಹೋಗುವಷ್ಟು ದೂರ. ಮೂರೂವರೆ ವರ್ಷ ತಡ.

ಇದರಲ್ಲಿ ಕೆಲಸ ಎಷ್ಟು ಅಂತ ಸ್ವಲ್ಪ ಲೆಕ್ಕ ಹಾಕಿ. ಆರೂ ಸೇರಿ ಸುಮಾರು ಎರಡೂವರೆ ಗಂಟೆಯ ಸಂಗೀತ. ಬಾರ್ಟೋಕ್ ಪುಟದ ಮೇಲೆ ವೇಗ ಬರೀತಾನೆ, ಕೆಲವು ಕೃತಿಗಳಲ್ಲಿ ಯಾವ ತುಣುಕು ಎಷ್ಟು ನಿಮಿಷ ಎಷ್ಟು ಸೆಕೆಂಡ್ ಅಂತಲೂ ಬರೀತಾನೆ. ಬಿಲ್ಲಿನ ಕೂದಲು ಬಿಟ್ಟು ಕಟ್ಟಿಗೆಯಿಂದ ನುಡಿಸು ಅಂತಾನೆ, ವಾದ್ಯದ ಕುದುರೆಗೆ ತೀರಾ ಹತ್ತಿರ ಉಜ್ಜು ಅಂತಾನೆ, ಬೆರಳನ್ನು ಜಾರಿಸು ಅಂತಾನೆ. ಆರನೆಯದರಲ್ಲಿ ಒಬ್ಬ ಪಿಟೀಲುಗಾರ ಬೇಕಂತಲೇ ಕಾಲು ಸ್ವರ ಕೆಳಗೆ ನುಡಿಸಿ, ಕುಡಿದವನ ಹಾಗೆ ಅಪಸ್ವರ ಹಾಡಬೇಕು. ಒಂದೊಂದು ಕೃತಿಗೂ ಬೇರೆ ದೇಹಭಾಷೆ. ಒಂದನ್ನು ಕಲಿಯೋದೇ ಒಂದು ಋತುವಿನ ಕೆಲಸ. ಮೊದಲನೆಯದಕ್ಕೆ ವಾಲ್ಡ್‌ಬವರ್ ತಂಡ ಮಾಡಿದ ರಿಹರ್ಸಲ್‌ಗಳು ನೂರರ ಹತ್ತಿರ ಅಂತ ಹೇಳ್ತಾರೆ. ನಲವತ್ತು ವರ್ಷ ಆದ ಮೇಲೆ ಈ ನಾಲ್ವರು ಆರನ್ನೂ ಕೈಯಲ್ಲಿ ಹಿಡಿದು ವೇದಿಕೆಗೆ ಹೋದರು.

ಮತ್ತೆ, ಪೂರ್ತಿ ಸರಣಿ ನುಡಿಸೋದರಲ್ಲಿ ಇನ್ನೊಂದು ಕಷ್ಟ ಇದೆ. ಒಂದೇ ಕೃತಿ ನುಡಿಸುವಾಗ ನಿಮ್ಮ ಶಕ್ತಿಗೆ ಹೊಂದುವುದನ್ನು ಆರಿಸಬಹುದು. ಜೋರು ಇಷ್ಟವಿದ್ದರೆ ನಾಲ್ಕು, ಭಾವ ಇಷ್ಟವಿದ್ದರೆ ಒಂದು. ಆರೂ ಅಂದಾಗ ತಪ್ಪಿಸಿಕೊಳ್ಳಲು ಆಗಲ್ಲ. ಯೌವನದ ಪ್ರೇಮಭಂಗ, ಯುದ್ಧದ ಸುಸ್ತು, ನಡುವಯಸ್ಸಿನ ಕಠೋರ ಬುದ್ಧಿ, ತಮಾಷೆ, ತಾಯಿಯ ಕೊನೆಯ ದಿನಗಳ ದುಃಖ, ಎಲ್ಲವೂ ಒಂದೇ ಮನುಷ್ಯನದು ಅಂತ ಕೇಳುಗರಿಗೆ ನಂಬಿಸಬೇಕು.

ಆ ನಾಲ್ವರು ಲೈಬೊವಿಟ್ಸ್‌ಗೋ ಬುಡಾಪೆಸ್ಟ್‌ನ ಅಧಿಕಾರಿಗಳಿಗೋ ಉತ್ತರ ಕೊಡಬೇಕು ಅಂತ ನುಡಿಸಿದ್ದಲ್ಲ. ಅವರಿಗೆ ಸಂಗೀತ ಇಷ್ಟವಾಗಿತ್ತು, ನುಡಿಸಿದರು. ಆದರೆ ಉತ್ತರ ತಾನಾಗಿಯೇ ಆಯ್ತು. ಎರಡು ಸಂಜೆ ಕೂತು ಆರನ್ನೂ ಕೇಳಿದವರಿಗೆ ಗೊತ್ತಾಗುವ ಸರಳ ಸತ್ಯ ಒಂದಿದೆ. ನಾಲ್ಕನೆಯದರ ಕೋಪದ ಒಳಗೇ, ಆ ರಾತ್ರಿಯ ಚೆಲ್ಲೋದಲ್ಲಿ, ಆರನೆಯದರ ದುಃಖ ಆಗಲೇ ಕೂತಿದೆ. ಮೊದಲನೆಯದರ ಆ ಒಂದಕ್ಕೊಂದು ಒರಗಿದ ಪಿಟೀಲುಗಳೇ ಮೂವತ್ತು ವರ್ಷ ಆದ ಮೇಲೆ ಆರನೆಯದರಲ್ಲಿ ಮನೆಗೆ ಮರಳುತ್ತವೆ. ಶಿಖರದಿಂದ ಇಳಿದದ್ದೂ ಇಲ್ಲ, ರೋಗ ಹತ್ತಿದ್ದೂ ಇಲ್ಲ.

ಕೇಳುಗರಲ್ಲಿ ಒಬ್ಬರು

ವಿಡಿಯೋ ನೋಡಿದ ಎಷ್ಟೋ ಜನ ಮತ್ತೆ ಮತ್ತೆ ಕೇಳಿದ್ದು ಈ ಭಾಗದ ಬಗ್ಗೆ.

ಆ ಮಾರ್ಚ್‌ನಲ್ಲೇ ನ್ಯೂಯಾರ್ಕ್‌ನ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲಿನಲ್ಲಿ ವಿಶ್ವಶಾಂತಿಯ ಹೆಸರಲ್ಲಿ ಒಂದು ದೊಡ್ಡ ಸಮ್ಮೇಳನ ನಡೆಯಿತು. ಸೋವಿಯತ್ ನಿಯೋಗದಲ್ಲಿ ಬಂದಿದ್ದವನು ದ್ಮಿತ್ರಿ ಶೋಸ್ತಕೋವಿಚ್. ಹಿಂದಿನ ವರ್ಷ, 1948ರ ಫೆಬ್ರವರಿಯಲ್ಲಿ, ಅವನ ಸಂಗೀತವನ್ನೂ ಪಕ್ಷ ಫಾರ್ಮಲಿಸ್ಟ್ ಅಂತ ಖಂಡಿಸಿತ್ತು. ಅವನ ಎಷ್ಟೋ ಕೃತಿಗಳು ಕಾರ್ಯಕ್ರಮಗಳಿಂದ ಮಾಯವಾಗಿದ್ದವು. ಅಮೆರಿಕಕ್ಕೆ ಹೋಗು ಅಂತ ಸ್ವತಃ ಸ್ಟಾಲಿನ್ ಫೋನ್ ಮಾಡಿ ಹೇಳಿದ್ದ. ಸಮ್ಮೇಳನದಲ್ಲಿ ವಲಸಿಗ ಸಂಗೀತಗಾರ ನಿಕೊಲಾಸ್ ನಬೊಕೊವ್ ಎದ್ದು ನಿಂತು, ಸ್ಟ್ರಾವಿನ್‌ಸ್ಕಿ, ಶೋನ್‌ಬರ್ಗ್, ಹಿಂಡೆಮಿತ್ ಅವರನ್ನು ಸೋವಿಯತ್ ಪತ್ರಿಕೆ ಖಂಡಿಸಿದ್ದನ್ನು ನೀವು ಒಪ್ಪುತ್ತೀರಾ ಅಂತ ಎಲ್ಲರೆದುರು ಕೇಳಿದ. ಶೋಸ್ತಕೋವಿಚ್ ಪೂರ್ತಿ ಒಪ್ಪುತ್ತೇನೆ ಅಂದ. ಬೇರೆ ಏನು ಹೇಳೋಕೆ ಆಗ್ತಿತ್ತು? ವಾಪಸ್ ಹೋಗಬೇಕಿದ್ದ ಊರಲ್ಲಿ ಹೆಂಡತಿ ಮಕ್ಕಳಿದ್ದರು.

ಅದೇ ಪ್ರವಾಸದಲ್ಲಿ ಅವನು ಜೂಲಿಯಾರ್ಡ್ ಕ್ವಾರ್ಟೆಟ್‌ನ ಬಾರ್ಟೋಕ್ ಕಛೇರಿಗೆ ಬಂದು ಕೂತ. ಹಗಲು ತನ್ನ ಬಾಯಿಂದ ಒಂದು ಮಾತು, ಸಂಜೆ ಕಿವಿಗೆ ಇನ್ನೊಂದು ಸಂಗೀತ. ಅವನ ಮನಸ್ಸಲ್ಲಿ ಏನಾಯ್ತು ಅಂತ ಕಥೆ ಕಟ್ಟಲು ನಾನು ಹೋಗಲ್ಲ. ನಡೆದದ್ದನ್ನು ಹೇಳ್ತೀನಿ. ಮಾಸ್ಕೋಗೆ ಮರಳಿ, ಅದೇ 1949ರಲ್ಲಿ ತನ್ನ ನಾಲ್ಕನೇ ಕ್ವಾರ್ಟೆಟ್ ಬರೆದ. ಕೊನೆಯ ಭಾಗದಲ್ಲಿ ಯಹೂದಿ ಜಾನಪದದ ಬನಿ ಇದೆ, ಅದೂ ಯಹೂದಿಗಳ ಮೇಲೆ ಸ್ಟಾಲಿನ್‌ನ ಕಣ್ಣು ಕೆಂಪಾಗಿದ್ದ ಕಾಲದಲ್ಲಿ. ಬರೆದು ಡ್ರಾಯರ್‌ಗೆ ಹಾಕಿಬಿಟ್ಟ. ಸ್ಟಾಲಿನ್ ಸತ್ತದ್ದು 1953ರ ಮಾರ್ಚ್‌ನಲ್ಲಿ. ಆ ಕ್ವಾರ್ಟೆಟ್ ಸಾರ್ವಜನಿಕವಾಗಿ ಕೇಳಿಸಿದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ. ಆಮೇಲೆ ಸಾಯುವ ಹೊತ್ತಿಗೆ ಹದಿನೈದು ಕ್ವಾರ್ಟೆಟ್ ಬರೆದಿದ್ದ, ಇವತ್ತು ಅವನ್ನೂ ಪೂರ್ತಿ ಸರಣಿಯಾಗಿ ನುಡಿಸುತ್ತಾರೆ. ಆ ಕಥೆ ಇನ್ನೊಂದು ವಿಡಿಯೋಗೆ.

ಆಮೇಲೆ

ಜೂಲಿಯಾರ್ಡ್ ತಂಡ 1949ರಲ್ಲೇ ಕೊಲಂಬಿಯಾ ಕಂಪನಿಗೆ ಆರನ್ನೂ ರೆಕಾರ್ಡ್ ಮಾಡಿತು. ಲಾಂಗ್ ಪ್ಲೇ ರೆಕಾರ್ಡು ಮಾರುಕಟ್ಟೆಗೆ ಬಂದು ಒಂದೇ ವರ್ಷ ಆಗಿತ್ತು. ಒಂದು ಬದಿಗೆ ನಾಲ್ಕೈದು ನಿಮಿಷದ ಹಳೆಯ ತಟ್ಟೆಗಳಲ್ಲಿ ಇಂಥ ಸರಣಿ ಕೊಂಡು ಕೇಳೋದು ದೊಡ್ಡ ಹಿಂಸೆಯಾಗ್ತಿತ್ತು. ಹೊಸ ತಂತ್ರಜ್ಞಾನ ಬಂದದ್ದು ಸರಿಯಾದ ಸಮಯಕ್ಕೆ. ಅದೇ ತಂಡ, ಆಟಗಾರರು ಬದಲಾಗುತ್ತಾ, 1963ರಲ್ಲಿ ಒಮ್ಮೆ, 1981ರಲ್ಲಿ ಇನ್ನೊಮ್ಮೆ ಆರನ್ನೂ ಮುದ್ರಿಸಿತು. ಮೂರರಲ್ಲೂ ಇದ್ದವನು ರಾಬರ್ಟ್ ಮಾನ್ ಒಬ್ಬನೇ. ಅವನು 1997ರವರೆಗೆ ತಂಡದಲ್ಲಿದ್ದ. ಐವತ್ತೊಂದು ವರ್ಷ! ಮೂರು ವರ್ಷಕ್ಕೆ ಕಂಪನಿ ಬದಲಿಸುವ ನಮಗೆ ಇದು ಬೇರೆ ಗ್ರಹದ ಸುದ್ದಿ.

ಯುರೋಪಿನಲ್ಲಿ ಹಂಗೇರಿಯವರೇ ಆದ ವೇಗ್ ಕ್ವಾರ್ಟೆಟ್ 1954ರಲ್ಲಿ ಪೂರ್ತಿ ಸರಣಿ ಮುದ್ರಿಸಿತು. ಬಾರ್ಟೋಕ್‌ನ ಗೆಳೆಯ ಜೋಲ್ತಾನ್ ಸೇಕೆಯ್ ನಡೆಸುತ್ತಿದ್ದ ಹಂಗೇರಿಯನ್ ಕ್ವಾರ್ಟೆಟ್ 1961ರಲ್ಲಿ. 1981ರಲ್ಲಿ, ಬಾರ್ಟೋಕ್‌ನ ನೂರನೇ ವರ್ಷಕ್ಕೆ, ಎಮರ್ಸನ್ ಕ್ವಾರ್ಟೆಟ್ ನ್ಯೂಯಾರ್ಕ್‌ನಲ್ಲಿ ಆರನ್ನೂ ಒಂದೇ ಸಂಜೆ ನುಡಿಸಿತು. ಈಗ ಸಾಮಾನ್ಯವಾಗಿ ಎರಡು ಸಂಜೆ: ಒಂದು ದಿನ 1, 3, 5; ಇನ್ನೊಂದು ದಿನ 2, 4, 6. ಹೀಗೆ ಜೋಡಿಸಿದರೆ ಪ್ರತಿ ಸಂಜೆಯೂ ಯೌವನದಿಂದ ಶುರುವಾಗಿ ಮಾಗಿದ ವಯಸ್ಸಿಗೆ ಬರುತ್ತೆ.

ಬಾರ್ಟೋಕ್‌ನ ದೇಹವೂ ಊರಿಗೆ ಮರಳಿತು. 1988ರ ಜುಲೈನಲ್ಲಿ ನ್ಯೂಯಾರ್ಕ್ ಬಳಿಯ ಸ್ಮಶಾನದಿಂದ ತೆಗೆದು, ಬುಡಾಪೆಸ್ಟ್‌ನಲ್ಲಿ ಮತ್ತೆ ಮಣ್ಣು ಮಾಡಿದರು. ಬಿಟ್ಟುಹೋಗಿ ನಲವತ್ತೆಂಟು ವರ್ಷ ಆಗಿತ್ತು.

ಕೊನೆಯ ಮಾತು

ಹೋದ ನವೆಂಬರ್‌ನಲ್ಲಿ ನಮ್ಮ ಊರಿನ ಒಂದು ರಾಜ್ಯೋತ್ಸವ ಕಾರ್ಯಕ್ರಮಕ್ಕೆ ನಾನೂ ಗೆಳೆಯರೂ ಹಾಡಲು ಒಪ್ಪಿಕೊಂಡಿದ್ವಿ. ಪಟ್ಟಿ ಕೊಟ್ಟೆವು: ಎರಡು ಜೋರಿನ ಹಾಡು, ಒಂದು ತತ್ವಪದ. ತತ್ವಪದ ತೆಗೀರಿ, ಜನ ಬೋರಾಗ್ತಾರೆ ಅಂದರು. ತೆಗೆದೆವು. ಚಪ್ಪಾಳೆ ಬಿತ್ತು, ಊಟ ಚೆನ್ನಾಗಿತ್ತು. ರಾತ್ರಿ ಮನೆಗೆ ಬಂದು ಯೋಚಿಸಿದಾಗ ಅವರ ಮೇಲೆ ಸಿಟ್ಟು ಬರಲಿಲ್ಲ. ಕತ್ತರಿ ಕೊಟ್ಟದ್ದು ಅವರು, ಕತ್ತರಿಸಿದ್ದು ನಾವೇ. ಆಫೀಸಿನಲ್ಲೂ ಹಾಗೇ. ಅಲ್ಲಿಗೆ ಬೇಕಾದ ಅರ್ಧವನ್ನು ಬೆಳಗ್ಗೆ ಬ್ಯಾಗಲ್ಲಿ ಹಾಕಿಕೊಂಡು ಹೋಗ್ತೀವಿ, ಉಳಿದದ್ದು ಮನೆಯಲ್ಲಿ. ಎಷ್ಟೋ ಸಲ ಮನೆಗೆ ಬಂದ ಮೇಲೂ ಅದನ್ನು ಎತ್ತಿಕೊಳ್ಳೋಕೆ ನೆನಪಿರಲ್ಲ.

1949ರ ಆ ಎರಡು ಸಂಜೆ ನನಗೆ ಮುಖ್ಯ ಅನ್ನಿಸೋದು ಇದಕ್ಕೇ. ಒಬ್ಬ ಮನುಷ್ಯನನ್ನು ಪೂರ್ತಿ ಕೇಳಲು ಯಾರೋ ನಾಲ್ಕು ಜನ ವರ್ಷಗಟ್ಟಲೆ ಅಭ್ಯಾಸ ಮಾಡಬೇಕಾಯ್ತು. ಕೇಳುವವರು ಎರಡು ಸಂಜೆ ಬಿಡುವು ಮಾಡಿಕೊಳ್ಳಬೇಕಾಯ್ತು. ಅವನು ಬದುಕಿದ್ದಾಗ ಆ ಊರು ಅದನ್ನು ಮಾಡಲಿಲ್ಲ. ಆಮೇಲಾದರೂ ಮಾಡಿತು.

ನೀವು ಕೇಳೋದಾದ್ರೆ ನನ್ನ ತಪ್ಪು ಮಾಡಬೇಡಿ. ಶಫಲ್ ಆಫ್ ಮಾಡಿ. ಒಂದರಿಂದ ಶುರುಮಾಡಿ, ದಿನಕ್ಕೊಂದು. ಮೂರು, ನಾಲ್ಕು ಬಂದಾಗ ಬಸ್ಸಲ್ಲಿ ಕೇಳಬೇಡಿ, ಮನೆಯಲ್ಲಿ ಕೇಳಿ. ಇಷ್ಟವಾಗದಿದ್ದರೂ ಬಿಡಬೇಡಿ, ಆರಕ್ಕೆ ಹೋಗಿ. ಆರನೆಯದರ ಆ ಒಂಟಿ ವಿಯೋಲಾ ಶುರುವಾದಾಗ, ನಾಲ್ಕನೆಯದು ಯಾಕೆ ಹಾಗೆ ಕಿರುಚಿತ್ತು ಅಂತ ಗೊತ್ತಾಗುತ್ತೆ. ಕೇಳಿ ಮುಗಿಸಿದವರು ಯಾವುದು ಹಿಡಿಸಿತು, ಯಾವುದು ಹಿಡಿಸಲಿಲ್ಲ ಅಂತ ಬರೀರಿ. ಮುಂದಿನ ಸಲ ಶೋಸ್ತಕೋವಿಚ್‌ನ ಹದಿನೈದರ ಕಥೆ ಹೇಳ್ತೀನಿ.